ಆಚಾರ್ರ ಮೀನು

ಮೀನು ತಿನ್ನದ ಮನೆಯಲ್ಲಿ ಮೀನು ತಯಾರಾಗುತ್ತಿದೆ ಎಂಬ ಸುದ್ದಿ ಮೂಲ್ಕಿಯಂಥ ಊರಿನಲ್ಲಿ ಹೆಚ್ಚು ಹೊತ್ತು ಬೇಲಿಯೊಳಗೆ ನಿಲ್ಲುವುದಿಲ್ಲ. ಪಕ್ಕದ ಹಿತ್ತಲಿನ ಆಚಾರ್ರು ಹುಟ್ಟಾ ಸಸ್ಯಾಹಾರಿ. ನಮ್ಮ ಅಡುಗೆಮನೆಯಿಂದ ಬಂಗುಡೆ ಹುರಿಯುವ ವಾಸನೆ ಹೊರಟರೆ ಅವರ ಕಿಟಕಿ ಮುಚ್ಚುವ ಸದ್ದು ಕೇಳುತ್ತದೆ. ಅಂಥವರು ಈಗ ಬೆಳಗ್ಗೆ ಚಹಾ ಕುಡಿದು ನೇರ ಬೇಲಿಯ ಹತ್ತಿರ ಬಂದು, “ಮಾಷ್ಟ್ರೆ, ಮೀನಿನ ಬಾಲ ಎಷ್ಟು ಸೀಳಬೇಕು ಅಂತ ಹೇಳಿದ್ದು ನೀವು?” ಎಂದು ಕೇಳುತ್ತಾರೆ. ನನ್ನ ಹೆಂಡತಿ ಒಳಗಿನಿಂದ ನಗುತ್ತಾಳೆ.

ಮೀನು ಅಂದರೆ ಸರ್ಫಿಂಗ್ ಹಲಗೆಯ ಒಂದು ಬಗೆ. ಗಿಡ್ಡ, ಅಗಲ, ಹಿಂದೆ ಕವಲೊಡೆದ ಬಾಲ, ಅಡಿಯಲ್ಲಿ ಈಜುರೆಕ್ಕೆಯಂಥ ಎರಡು ಫಿನ್. ಮೂಲ್ಕಿಗೆ ಸರ್ಫಿಂಗ್ ಹೇಗೆ ಬಂತು ಎಂದು ಘಟ್ಟದ ಮೇಲಿನವರಿಗೆ ಈಗಲೂ ಆಶ್ಚರ್ಯ. 2004ರ ಹೊತ್ತಿಗೆ ಇಲ್ಲಿ ಆಶ್ರಮ ಮಾಡಿಕೊಂಡ ಅಮೆರಿಕದ ಸ್ವಾಮಿಗಳು ಜಪ ಮುಗಿಸಿ ಅಲೆಗೆ ಇಳಿಯುತ್ತಿದ್ದರು, ದಡದಲ್ಲಿ ಬಾಯಿಬಿಟ್ಟು ನೋಡಿದ ಹುಡುಗರು ತಾವೂ ಕಲಿತರು. ಆಮೇಲೆ ಸಸಿಹಿತ್ಲು, ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದವು. ಆಚಾರ್ರ ಮೊಮ್ಮಗ ಆ ಹುಡುಗರ ನಂತರದ ಸಾಲಿನವನು. ಅವನು ಒಂದು ದಿನ ಮೊಬೈಲಿನಲ್ಲಿ ಮರದ ಹಲಗೆಯ ಚಿತ್ರ ತೋರಿಸಿ, “ಅಜ್ಜ, ಇದೆಲ್ಲ ನಮ್ಮಲ್ಲಿ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಅಲ್ವಾ?” ಅಂದನಂತೆ. ಜೀವಮಾನವಿಡೀ ದಾರಂದ, ತೊಟ್ಟಿಲು, ಭಜನಾಮಂದಿರದ ಮಂಟಪ ಮಾಡಿದ ಮನುಷ್ಯನ ಹತ್ತಿರ ‘ಆಗ್ಲಿಕ್ಕಿಲ್ಲ’ ಅಂದರೆ ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಕಿಲಾಡಿ.

ಹಾಗೆ ಶುರುವಾದದ್ದು. ಕೆಲಸ ಅವರದು, ಪುರಾಣ ನನ್ನದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಕೇಳುವ ಕಿವಿ ಒಂದು ಸಿಕ್ಕಿದರೆ ಸಾಕಲ್ಲ.

ಈ ಮೀನಿನ ತವರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ. 1967ರಲ್ಲಿ ಸ್ಟೀವ್ ಲಿಸ್ ಎಂಬ ಹುಡುಗ ಅದನ್ನು ಮಾಡಿದ್ದು ನಿಂತು ಸವಾರಿ ಮಾಡುವುದಕ್ಕಲ್ಲ, ಮಂಡಿಯೂರಿ ಸವಾರಿ ಮಾಡುವುದಕ್ಕೆ. ಆಗಿನ ಹಲಗೆಗಳು ಒಂಬತ್ತು ಹತ್ತು ಅಡಿ. ಮಂಡಿಯೂರುವವನಿಗೆ ಅಷ್ಟುದ್ದ ಏತಕ್ಕೆ? ಐದಡಿಯ ಆಸುಪಾಸಿಗೆ ಇಳಿಸಿದ. ಗಿಡ್ಡ ಮಾಡಿದ ಮೇಲೆ ತೇಲಬೇಕಾದರೆ ಅಗಲ ಬೇಕು. ಅಗಲ ಕೊಟ್ಟರೆ ಬಾಲವೂ ಅಗಲವಾಗಿ ಹಲಗೆ ಓಡುತ್ತದೆ, ಆದರೆ ತಿರುಗಲು ಒಲ್ಲೆ ಅನ್ನುತ್ತದೆ. ಅದಕ್ಕೆ ಬಾಲವನ್ನು ನಡುವೆ ಸೀಳಿದ. ಸೀಳಿದ್ದೇ ಒಂದು ಹಲಗೆಗೆ ಎರಡು ಚೂಪು ಬಾಲ ಆಯಿತು, ಯಾವ ಕಡೆಗೆ ವಾಲಿದರೂ ಆ ಕಡೆಯ ಬಾಲ ನೀರು ಕಚ್ಚಿಕೊಳ್ಳುತ್ತದೆ. ನಡುವೆ ಒಂದೇ ಫಿನ್ ಇಟ್ಟರೆ ಅಗಲದ ಹಲಗೆ ವಾಲಿದಾಗ ಅದು ನೀರಿನಿಂದ ಮೇಲೆದ್ದು ಬಿಡುತ್ತದೆ, ಹಾಗಾಗಿ ಅಂಚಿಗೊಂದರಂತೆ ಎರಡು. ಒಂದು ಉಪಾಯದ ಬಾಲ ಹಿಡಿದು ಇನ್ನೊಂದು ಬಂದದ್ದು.

ಮುಂದೆ ನಿಂತು ಸವಾರಿ ಮಾಡುವವರೂ ಅದನ್ನು ಹತ್ತಿದರು. 1972ರಲ್ಲಿ ಅದೇ ಸ್ಯಾನ್ ಡಿಯೇಗೋದಲ್ಲಿ ವಿಶ್ವ ಸ್ಪರ್ಧೆ ನಡೆದಾಗ ಗೆದ್ದ ಜಿಮ್ ಬ್ಲಿಯರ್ಸ್, ಎರಡನೆಯ ಸ್ಥಾನದ ಡೇವಿಡ್ ನುಯಿವಾ ಇಬ್ಬರೂ ಮೀನಿನ ಮೇಲೆಯೇ ನಿಂತಿದ್ದರು. ನುಯಿವಾನ ಒಂದು ಹಲಗೆಯನ್ನು ಯಾರೋ ಕದ್ದು, ಮುರಿದು, ಸಮುದ್ರಕ್ಕೆ ಚಾಚಿದ ಅಲ್ಲಿಯ ಕಟ್ಟೆಗೆ ನೇತುಹಾಕಿದ್ದರು. ನಮ್ಮೂರ ಸೊತ್ತು ಹೊರಗಿನವ ಹೊಡೆದುಕೊಂಡು ಹೋದನಲ್ಲ ಎಂಬ ಸಂಕಟ ಇರಬೇಕು. ಇಷ್ಟು ಹೇಳಿದಾಗ ಆಚಾರ್ರಿಗೆ ಸ್ಪರ್ಧೆ, ಗೆಲುವು ಯಾವುದೂ ಕಿವಿಗೆ ಬಿದ್ದಿರಲಿಲ್ಲ. “ಮುರಿದದ್ದಾ? ಎಂಥ ಮನುಷ್ಯರು ಮಾರಾಯ್ರೆ! ಮಾಡಿದವನಿಗೆ ಎಷ್ಟು ದಿನದ ಕೆಲಸ ಅಂತ ಗೊತ್ತುಂಟಾ ಅವರಿಗೆ?”

ಮರದ ಮಾತು ಬಂದಾಗಂತೂ ಹರಟೆ ಮಧ್ಯಾಹ್ನದ ಊಟದವರೆಗೆ ಎಳೆಯಿತು. ಫೋಮ್ ಬರುವ ಮೊದಲು ಈಕ್ವೆಡಾರಿನ ಬಾಲ್ಸಾ, ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ರೆಡ್‌ವುಡ್. ಹವಾಯಿಯ ಮೂವರು ರಾಜಕುಮಾರರು 1885ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೆಯೋದಲ್ಲಿ ಓದುತ್ತಿದ್ದಾಗ ರೆಡ್‌ವುಡ್ ಹಲಗೆ ಕೊಯ್ಯಿಸಿ ಸಾಂತಾ ಕ್ರೂಸಿನ ಅಳಿವೆಯಲ್ಲಿ ಅಲೆ ಹತ್ತಿದ್ದರು. ಅವರ ಊರಿನಲ್ಲಿ ಮೂರು ಮರ: ಕೋವಾ, ವಿಲಿವಿಲಿ, ಉಲು. ಕೋವಾ ಅಂದರೆ ನಮ್ಮ ಗುಡ್ಡಗಳಲ್ಲಿ ಅರಣ್ಯ ಇಲಾಖೆ ನೆಟ್ಟು ತುಂಬಿಸಿದ ಅಕೇಶಿಯಾದ ಬಂಧು. ವಿಲಿವಿಲಿ, ನಮ್ಮ ಬೇಲಿಗೆ ಗೂಟ ಹೊಡೆದದ್ದೇ ಚಿಗುರಿ ನಿಂತ ಹಾಲವಾಣದ ದಾಯಾದಿ. ಉಲು ಅಂದರೆ ಸಾಕ್ಷಾತ್ ಜೀಗುಜ್ಜೆ! ಬಾಲ್ಸಾ ನಮ್ಮ ಬೂರುಗದ ಸಂಬಂಧಿಕ, ದೂರದ ಲೆಕ್ಕದಲ್ಲಿ ದಾಸವಾಳದ ಕುಟುಂಬ. ಹೀಗೆ ನೋಡಿದರೆ ಹವಾಯಿಯ ಅರಸರ ಹಲಗೆಗಳ ನೆಂಟರೆಲ್ಲ ನಮ್ಮಿಬ್ಬರ ಹಿತ್ತಲಲ್ಲೇ ನಿಂತಿದ್ದಾರೆ.

ಆಚಾರ್ರು ತಲೆಯೆತ್ತಿ ನಮ್ಮ ಜೀಗುಜ್ಜೆ ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ಅಳೆದರು. ನನ್ನ ಹೆಂಡತಿ ಜಗಲಿಗೇ ಬಂದಳು. “ಪೋಡಿ ಮಾಡುವ ಮರ ಅದು. ಕೊಡಲಿ ತಂದರೆ ನೋಡಿ!” ಅರಸರ ಮರದ ಪ್ರಸ್ತಾಪ ಅಲ್ಲಿಗೆ ಮುಗಿಯಿತು. ಕೊನೆಗೆ ಬಂದದ್ದು ಬೈಕಂಪಾಡಿ ಕಡೆಯಿಂದ, ಯಾವುದೋ ಯಂತ್ರವನ್ನು ಹೊತ್ತು ತಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್. ಒಂದು ಹಲಗೆಯ ಮೇಲೆ ‘ಈ ಕಡೆ ಮೇಲಿರಲಿ’ ಎಂಬ ಬಾಣದ ಗುರುತು ಹಾಗೇ ಇತ್ತು. ಅದನ್ನು ಕೀಸಿ ತೆಗೆಯಲು ಮೊಮ್ಮಗ ಬಿಡಲಿಲ್ಲ.

ಆಗದ ಮಾತೇನಲ್ಲ ಇದು. ಜಗತ್ತಿನ ಹಲಗೆಗಳಿಗೆ ಬಹುಪಾಲು ಫೋಮ್ ಒದಗಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕ್ಲಾರ್ಕ್ ಫೋಮ್ 2005ರ ಡಿಸೆಂಬರ್ 5ರಂದು ಹೇಳದೆ ಕೇಳದೆ ಬಾಗಿಲು ಹಾಕಿದ ಮೇಲೆ ಬಹಳ ಮಂದಿ ಮತ್ತೆ ಮರದ ಕಡೆ ತಿರುಗಿದರು. ಅಮೆರಿಕದ ಮೇನ್ ರಾಜ್ಯದಲ್ಲಿ ಗ್ರೇನ್ ಎಂಬ ಕಂಪೆನಿಯವರು ಸೀಡರ್ ಮರದಲ್ಲಿ, ಆಸ್ಟ್ರೇಲಿಯಾದ ನೂಸಾದಲ್ಲಿ ಟಾಮ್ ವೆಗ್ನರ್ ಪೌಲೋನಿಯಾದಲ್ಲಿ ಮಾಡುತ್ತಾರೆ. ಆದರೆ ಇಡೀ ಮರವನ್ನೇ ಕೆತ್ತಿದರೆ ಸತ್ತೆವು. ಐದಡಿ ಎಂಟಿಂಚು ಉದ್ದ, ಇಪ್ಪತ್ತೊಂದು ಇಂಚು ಅಗಲ, ಎರಡೂವರೆ ಇಂಚು ದಪ್ಪದ ಮೀನು ಅಂದರೆ ಹೆಚ್ಚುಕಡಿಮೆ 35 ಲೀಟರ್ ಗಾತ್ರ. ಪೈನಿನಲ್ಲಿ ಅದು ಹದಿನಾರು ಹದಿನೇಳು ಕಿಲೋ ತೂಗುತ್ತದೆ. ಆದ್ದರಿಂದ ಒಳಗೆ ಟೊಳ್ಳು. ಈ ಟೊಳ್ಳಿನ ಯೋಚನೆ ಟಾಮ್ ಬ್ಲೇಕ್‌ನದು, ಅವನಿಗೆ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1932ರಲ್ಲಿ. ನಡುವೆ ಪ್ಲೈವುಡ್ಡಿನ ಒಂದು ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬುಗಳು, ಭಾರ ಇಳಿಸಲು ಅವುಗಳಲ್ಲಿ ದೊಡ್ಡ ದೊಡ್ಡ ತೂತು, ಮೇಲೆ ಕೆಳಗೆ ಐದು ಮಿಲಿಮೀಟರಿನ ಪಟ್ಟಿಗಳು, ಅಂಚಿಗೆ ಬಗ್ಗಿಸಿ ಒಂದರ ಮೇಲೊಂದು ಅಂಟಿಸಿದ ಸಣ್ಣ ರೀಪುಗಳು. ಎಲ್ಲ ಆದ ಮೇಲೆ ತೆಳು ಫೈಬರ್ ಬಟ್ಟೆ, ಎಪಾಕ್ಸಿ. ನಾನು ಹದಿನೈದು ನಿಮಿಷ ವಿವರಿಸಿದ್ದನ್ನು ಆಚಾರ್ರು, “ದೋಣಿಗೆ ಮುಚ್ಚಳ ಹಾಕಿದ ಹಾಗೆ. ಅಷ್ಟೇ ಅಲ್ವಾ?” ಎಂದು ಮುಗಿಸಿದರು.

ಅಷ್ಟೇ. ಆದರೆ ಮುಚ್ಚಳ ಹಾಕಿದ್ದರಿಂದಲೇ ಒಂದು ತಾಪತ್ರಯ ಉಂಟು. ಒಳಗೆ ಗಾಳಿ ಸಿಕ್ಕಿಬಿದ್ದಿರುತ್ತದೆ. 27 ಡಿಗ್ರಿಯಲ್ಲಿ ಮುಚ್ಚಿದ ಹಲಗೆಯನ್ನು ಏಪ್ರಿಲ್ ಬಿಸಿಲಿನ ಮರಳಲ್ಲಿಟ್ಟು ಒಳಗಿನ ಗಾಳಿ 60 ಡಿಗ್ರಿಗೆ ಏರಿತು ಅನ್ನಿ. ಒತ್ತಡ ಶೇಕಡಾ 11ರಷ್ಟು ಹೆಚ್ಚುತ್ತದೆ. ಹನ್ನೊಂದೇ ಅಲ್ವಾ ಎಂದು ತೋರಬಹುದು. ಹಲಗೆಯ ಮೇಲ್ಮೈ ಇಡೀ ಗುಣಿಸಿ ನೋಡಿದರೆ ಮುಕ್ಕಾಲು ಟನ್ನಿನಷ್ಟು ಬಲ ಒಳಗಿನಿಂದ ಅಂಟು ಬಿಡಿಸಲು ತಳ್ಳುತ್ತಿರುತ್ತದೆ. ಬೇಲಿಯ ಮೇಲೆ ಕಾಗದ ಇಟ್ಟು ಈ ಲೆಕ್ಕ ಮಾಡಿ ತೋರಿಸಿದಾಗ ಆಚಾರ್ರು ಮೊದಲ ಬಾರಿ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ನೋಡಿದರು. ಪರಿಹಾರ ಸುಲಭ, ಮೇಲೊಂದು ಸಣ್ಣ ಹಿತ್ತಾಳೆಯ ತಿರುಪು. ದಡದಲ್ಲಿ ಬಿಚ್ಚಿಡುವುದು, ನೀರಿಗಿಳಿಯುವಾಗ ಬಿಗಿಯುವುದು. ಬಿಗಿಯಲು ಮರೆತರೆ ಮೀನು ನೀರು ಕುಡಿಯುತ್ತದೆ. ಮೊಮ್ಮಗನ ಮರೆವಿನ ಪರಿಚಯ ಇದ್ದ ಆಚಾರ್ರು ತಿರುಪಿಗೆ ಕೆಂಪು ನೂಲು ಕಟ್ಟಿದ್ದಾರೆ.

ಇಷ್ಟೂ ಹಲಗೆಯ ಕಥೆ. ನಿಜ ಹೇಳಬೇಕೆಂದರೆ ಮರದಲ್ಲಿ ಹಲಗೆ ಮಾಡುವುದು ಹಟದ ಕೆಲಸ. ಫೋಮಿಗಿಂತ ಒಂದೆರಡು ಕಿಲೋ ಭಾರ, ಶ್ರಮ ಹತ್ತು ಪಟ್ಟು. ಮರ ನಿಜವಾಗಿ ತನ್ನ ಯೋಗ್ಯತೆ ತೋರಿಸುವುದು ಫಿನ್‌ನಲ್ಲಿ. ಅಂಗೈಯಷ್ಟೇ ತುಂಡು, ತೆಳ್ಳಗಿದ್ದೂ ಗಟ್ಟಿ ಇರಬೇಕು, ಕೂದಲೆಳೆಯಷ್ಟು ತಿದ್ದಿದರೂ ಗುಣ ಬದಲಾಗಬೇಕು. ಕೆಟ್ಟರೆ ಹೋಗುವುದು ಗೇಣಗಲದ ಪ್ಲೈ. ಸ್ಯಾನ್ ಡಿಯೇಗೋದಲ್ಲಿ ಫೋಮಿನ ಹಲಗೆಗೂ ಮರದ ಕೀಲ್ ಫಿನ್, ಅಂದರೆ ಮೀನಿಗೆ ಹಾಕುವ ಗಿಡ್ಡ, ಉದ್ದ ಬುಡದ ಫಿನ್, ಕೂರಿಸುವ ಪದ್ಧತಿ ಇವತ್ತಿಗೂ ಉಂಟು.

ವಿಚಿತ್ರ ಅಂದರೆ ಸಾವಿರ ವರ್ಷ ಅಲೆ ಹತ್ತಿದ ಹವಾಯಿಯವರಿಗೆ ಫಿನ್ ಬೇಕಾಗಿರಲೇ ಇಲ್ಲ. ನೀರಲ್ಲಿ ಕಾಲು ಎಳೆದು ತಿರುಗಿಸುತ್ತಿದ್ದರು. 1935ರಲ್ಲಿ ವೈಕಿಕಿಯಲ್ಲಿ ಅದೇ ಟಾಮ್ ಬ್ಲೇಕ್ ಗುಜರಿ ಸೇರಿದ್ದ ಮೋಟಾರ್ ದೋಣಿಯೊಂದರ ಅಡಿಯ ಲೋಹದ ತುಂಡನ್ನು ಕಿತ್ತು ತನ್ನ ಹಲಗೆಗೆ ಬಿಗಿದ. ಹಿಂಬದಿ ಜಾರುವುದು ನಿಂತಿತು. ಆಮೇಲಿನದೆಲ್ಲ ಅದರ ತಿದ್ದುಪಡಿ. ಜಾರ್ಜ್ ಗ್ರೀನೊ ಎಂಬವನು ಟ್ಯೂನಾ ಮೀನಿನ ಬಾಲ ನೋಡಿ ಹಿಂದಕ್ಕೆ ಬಾಗಿದ ತೆಳು ಫಿನ್ ಮಾಡಿದ, 1966ರ ವಿಶ್ವ ಸ್ಪರ್ಧೆಯಲ್ಲಿ ನ್ಯಾಟ್ ಯಂಗ್ ಗೆದ್ದದ್ದು ಅಂಥದ್ದರಿಂದ. ಮಾರ್ಕ್ ರಿಚರ್ಡ್ಸ್ ಎರಡು ಫಿನ್ನಿನಲ್ಲಿ 1979ರಿಂದ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್. 1981ರಲ್ಲಿ ಸೈಮನ್ ಆಂಡರ್ಸನ್ ಮೂರು ಫಿನ್ ಇಟ್ಟು ಗೆದ್ದದ್ದೇ ಎಲ್ಲರೂ ಮೂರಕ್ಕೆ ಹೋದರು. ಎರಡು ಫಿನ್ನಿನ ಮೀನು ಮೂಲೆ ಸೇರಿತು. ಮತ್ತೆ ಹೊರಬಂದದ್ದು ತೊಂಬತ್ತರ ದಶಕದಲ್ಲಿ.

“ಅಂದರೆ ಇದು ಚುಕ್ಕಾಣಿ,” ಅಂದರು ಆಚಾರ್ರು.

ಅಲ್ಲ. ಚುಕ್ಕಾಣಿ ತಿರುಗುತ್ತದೆ, ಇದು ತಿರುಗುವುದಿಲ್ಲ. ಇದರ ಕೆಲಸ ಹಲಗೆ ಅಡ್ಡಕ್ಕೆ ಜಾರದಂತೆ ಹಿಡಿಯುವುದು. ಅಲೆಯ ಇಳಿಜಾರಿನಲ್ಲಿ ಹಲಗೆ ಕೆಳಗೆ ಜಾರಲು ನೋಡುತ್ತದೆ, ಫಿನ್ ಅದಕ್ಕೆ ಅಡ್ಡ ಬಂದು ಆ ತಳ್ಳಾಟವನ್ನೇ ಮುಂದಕ್ಕೆ ಹೋಗುವ ಓಟ ಮಾಡಿಕೊಡುತ್ತದೆ. ಮೀನಿನ ಫಿನ್ ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು. ಚಪ್ಪಟೆ ಮುಖ ಒಳಗೆ, ಉಬ್ಬು ಹೊರಗೆ. ಉಬ್ಬಿದ ಕಡೆ ನೀರು ಬೇಗ ಹರಿದು ಒತ್ತಡ ಇಳಿಯುತ್ತದೆ, ಫಿನ್ ಆ ಕಡೆಗೆ ಎಳೆಯುತ್ತದೆ. ಎರಡೂ ಕಡೆಯ ನೀರು ಹಿಂದೆ ಹೋಗಿ ಒಟ್ಟಿಗೆ ಸೇರಬೇಕಾದ್ದರಿಂದ ಉಬ್ಬಿನ ಮೇಲಿನದು ಓಡುತ್ತದೆ ಎಂದು ಎಷ್ಟೋ ಪಠ್ಯಪುಸ್ತಕಗಳಲ್ಲಿ ಬರೆದದ್ದುಂಟು, ಅದು ಶುದ್ಧ ಸುಳ್ಳು. ಹಾಗೆ ಸೇರುವ ಕರಾರು ನೀರಿಗೂ ಇಲ್ಲ, ಗಾಳಿಗೂ ಇಲ್ಲ. ಉಬ್ಬಿನ ಮೇಲಿನದು ಮೊದಲೇ ತಲುಪಿರುತ್ತದೆ.

ಆಚಾರ್ರಿಗೆ ಬಾಯಿಮಾತು ಸಾಲದು. ಫಿನ್ನಿಗೆ ಒಂದು ಕೋಲು ಬಿಗಿದುಕೊಂಡು ಇಳಿತದ ಹೊತ್ತಿಗೆ ಶಾಂಭವಿ ಹೊಳೆಯಲ್ಲಿ ಪರಿಚಯದವರ ದೋಣಿ ಹತ್ತಿದರು. ಹರಿವಿಗೆ ನೇರವಾಗಿ ಹಿಡಿದದ್ದೇ ಕೋಲು ಉಬ್ಬಿನ ಕಡೆಗೆ ವಾಲಿತು. ಹಿಂದಕ್ಕೆ ತಂದರು, ಮತ್ತೆ ವಾಲಿತು. ತಿರುಗಿಸಿ ಹಿಡಿದರೆ ಆಚೆ ಕಡೆಗೆ. “ಎಳೀತದೆ ಮಾಷ್ಟ್ರೆ! ಮರಕ್ಕೆ ಬುದ್ಧಿ ಉಂಟು.” ಸ್ವಲ್ಪ ಓರೆ ಮಾಡಿದಾಗ ಎಳೆತ ಜೋರಾಯಿತು, ಇನ್ನೂ ಓರೆ ಮಾಡಿದಾಗ ಒಮ್ಮೆಲೇ ಬಿಟ್ಟುಕೊಟ್ಟು ಕೋಲು ನಡುಗತೊಡಗಿತು. ಅಲ್ಲಿ ನೀರು ಉಬ್ಬನ್ನು ಬಿಟ್ಟು ಸುಳಿಯಾಗಿ ಕಳಚಿಕೊಂಡಿರುತ್ತದೆ. ಅಲೆಯ ಮೇಲೆ ಹಾಗಾದರೆ ಹುಡುಗ ನೀರಲ್ಲಿ.

ಆ ಬಿಟ್ಟುಕೊಡುವ ಹಂತವನ್ನು ಎಷ್ಟು ಹಿಂದೆ ತಳ್ಳಬಹುದು ಎಂಬುದೇ ಫಿನ್ ಮಾಡುವವರ ತಲೆನೋವು. ಕೀಲ್ ಫಿನ್ ಬುಡದಲ್ಲಿ ಎಂಟೂವರೆ ಒಂಬತ್ತು ಇಂಚು ಉದ್ದ, ಎತ್ತರ ಐದರ ಹತ್ತಿರ. ಗಿಡ್ಡವಾಗಿ ಉದ್ದ ಬುಡ ಇರುವುದು ತಡವಾಗಿ ಬಿಟ್ಟುಕೊಡುತ್ತದೆ, ಉದ್ದ ಉದ್ದ ಓಟಕ್ಕೆ ಒಳ್ಳೆಯದು. ಸಪೂರ ಎತ್ತರದ್ದು ಚುರುಕಾಗಿ ತಿರುಗುತ್ತದೆ, ಕೈಕೊಡುವುದೂ ಚುರುಕು. ತಿಮಿಂಗಿಲದ ಒಂದು ಉಪಕತೆಯೂ ಇಲ್ಲಿ ಬರುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲದ ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ ಗುಬುಟುಗಳಿರುತ್ತವೆ. ಫ್ರಾಂಕ್ ಫಿಶ್ ಎಂಬ ಜೀವವಿಜ್ಞಾನಿ (ಹೆಸರು ನಿಜವಾಗಿಯೂ ಅದೇ) ಮತ್ತು ಅವರ ಜೊತೆಯವರು ಅಂಥ ಮಾದರಿಯನ್ನು ಗಾಳಿಯ ಸುರಂಗದಲ್ಲಿಟ್ಟು ನೋಡಿ, ಬಿಟ್ಟುಕೊಡುವ ಕೋನ ಸುಮಾರು ಶೇಕಡಾ 40ರಷ್ಟು ಹಿಂದೆ ಹೋಗುತ್ತದೆ ಎಂದು 2004ರಲ್ಲಿ ಪ್ರಕಟಿಸಿದರು. ಇದನ್ನು ಉತ್ಸಾಹದಿಂದ ಹೇಳಿದೆ. ಆಚಾರ್ರು ಕೈಯಲ್ಲಿದ್ದ ಸ್ಯಾಂಡ್ ಪೇಪರನ್ನು ನೋಡಿದರು, ನನ್ನನ್ನು ನೋಡಿದರು. “ಗುಬುಟು ತೆಗೀಲಿಕ್ಕೆ ಅಂತಲೇ ಇದನ್ನು ಹಿಡಿದು ಕೂತದ್ದು ನಾನು. ನಾಳೆಯಿಂದ ಗುಬುಟು ಮಾಡ್ಬೇಕಾ?” ತಿಮಿಂಗಿಲವನ್ನು ಅಲ್ಲಿಗೇ ಬಿಟ್ಟೆವು.

ಅವರು ಫಿನ್ ಕೆತ್ತುವುದನ್ನು ನೋಡುವುದೇ ಒಂದು ಭಾಗ್ಯ. ಹನ್ನೆರಡು ಮಿಲಿಮೀಟರಿನ ಮರೀನ್ ಪ್ಲೈ. ಎರಡು ತುಂಡನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಏಟಿಗೆ ಆಕಾರ ಕೊಯ್ದರು. ಆಮೇಲೆ ಒಂದೊಂದರ ಒಂದೇ ಮುಖವನ್ನು ಅರದಿಂದ ಇಳಿಸತೊಡಗಿದರು. ಪ್ಲೈ ಅಂದರೆ ಪದರ ಪದರ ತಾನೆ? ಮರ ಇಳಿದ ಹಾಗೆ ಒಳಗಿನ ಪದರಗಳು ಒಂದೊಂದಾಗಿ ಹೊರಬಿದ್ದು, ಒಂದು ತಿಳಿ, ಒಂದು ಕಂದು, ಬಾಗಿದ ಗೆರೆಗಳು ಮೂಡುತ್ತವೆ. ಗೆರೆ ಎಲ್ಲಿ ವಕ್ರವೋ ಅಲ್ಲಿ ಗುಂಡಿ ಬಿದ್ದಿದೆ ಎಂದರ್ಥ. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು. ಮುಂಭಾಗದಿಂದ ಮೂರನೇ ಒಂದು ಭಾಗದಲ್ಲಿ ದಪ್ಪ ಉಳಿಸಿ, ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ. ಆಚಾರ್ರು ನಡುನಡುವೆ ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬುಡದಿಂದ ತುದಿಗೆ ಎಳೆಯುತ್ತಿದ್ದರು. ಅಳತೆಪಟ್ಟಿ ತಂದ ಮೊಮ್ಮಗನಿಗೆ “ಒಳಗಿಡು” ಎಂದರು.

ಒಂದು ಫಿನ್ ಅಜ್ಜನದು, ಇನ್ನೊಂದು ಮೊಮ್ಮಗನಿಗೆ ಬಿಟ್ಟದ್ದು. ಅಜ್ಜನದನ್ನು ಎದುರಿಗಿಟ್ಟುಕೊಂಡು, ಗೆರೆಗೆ ಗೆರೆ ಹೊಂದಿಸಿ, ನೋಡಿದವರು ಭೇಷ್ ಅನ್ನುವ ಹಾಗೆ ಮಾಡಿದ. ಜೋಡಿಸಿ ನೋಡಿದರೆ ಎರಡೂ ಎಡದವು! ನೋಡಿ ನೋಡಿ ಪಡಿಯಚ್ಚು ತೆಗೆದಿದ್ದ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಬೇಕಿತ್ತು. ಈ ಹುಡುಗನಿಗೆ ನಾಚಿಕೆ ಎಂಬುದಿಲ್ಲ. ಕೂಡಲೇ ಮೊಬೈಲು ತೆಗೆದು, ಸ್ಯಾನ್ ಡಿಯೇಗೋ ಕಡೆಯ ಕಾರ್ಲ್ ಎಕ್‌ಸ್ಟ್ರಾಮ್ ಅರುವತ್ತರ ದಶಕದಲ್ಲೇ ಎಡ ಬಲ ಬೇರೆ ಬೇರೆ ಇರುವ ಹಲಗೆ ಮಾಡಿ ಪೇಟೆಂಟ್ ತೆಗೆದದ್ದನ್ನು ತೋರಿಸಿದ. ಮಾತು ಸುಳ್ಳಲ್ಲ. ಸವಾರ ಅಡ್ಡಡ್ಡ ನಿಲ್ಲುತ್ತಾನೆ, ಬೆರಳಿನ ಕಡೆಗೆ ವಾಲುವುದೂ ಹಿಮ್ಮಡಿಯ ಕಡೆಗೆ ವಾಲುವುದೂ ಒಂದೇ ಅಲ್ಲ, ಮತ್ತೆ ಹಲಗೆಯ ಎರಡು ಬದಿ ಯಾಕೆ ಒಂದೇ ಇರಬೇಕು ಎಂಬುದು ಎಕ್‌ಸ್ಟ್ರಾಮ್‌ನ ವಾದ. ಆಚಾರ್ರು ಪೂರ್ತಿ ಕೇಳಿಸಿಕೊಂಡರು. “ಸರಿ. ಅವನು ಬೇಕೂಂತ ಮಾಡಿದ್ದು, ನೀನು ಗೊತ್ತಿಲ್ಲದೆ ಮಾಡಿದ್ದು. ಬಲದ್ದು ಎರಡು ಮಾಡು, ಎರಡು ಹಲಗೆಗೆ ಆಯ್ತು.”

ಈಗ ನಡೆಯುತ್ತಿರುವ ಜಗಳ ಫಿನ್ ಕೂರಿಸುವ ಬಗ್ಗೆ. ಅಂಚಿನಿಂದ ಒಂದೂಕಾಲು ಇಂಚು ಒಳಗೆ ಎಂಬಲ್ಲಿ ತಕರಾರಿಲ್ಲ, ಅದರ ಅಡಿಗೆ ಟೊಳ್ಳಿನೊಳಗೆ ಗಟ್ಟಿಮರದ ತುಂಡು ಮೊದಲೇ ಇಟ್ಟಾಗಿದೆ. ಲಿಸ್ ಎರಡನ್ನೂ ನಡುಗೆರೆಗೆ ಸಮಾನಾಂತರವಾಗಿ, ನೆಟ್ಟಗೆ ಇಟ್ಟಿದ್ದ. ಮೊಮ್ಮಗನಿಗೆ ಮುಂದಿನ ತುದಿ ಕಾಲಿಂಚು ಒಳಕ್ಕೆ ತಿರುಗಿರಬೇಕು, ಹಾಗಿದ್ದರೆ ಬೇಗ ತಿರುಗುತ್ತದೆ. ಓಟ ಕಡಿಮೆಯಾಗುತ್ತದೆ ಎಂದು ನಾನು. ಎರಡನ್ನೂ ಪರೀಕ್ಷಿಸಲು ಬಿಚ್ಚಿ ಹಾಕುವ ಪೆಟ್ಟಿಗೆ ಇಡುವ ಎಂದು ಅವನು. ಒಮ್ಮೆ ಕೂರಿಸಿದ್ದನ್ನು ಬಿಚ್ಚುವುದು ಆಚಾರ್ರಿಗೆ ಮರ್ಯಾದೆಯ ಪ್ರಶ್ನೆ, ಬುಡಕ್ಕೆ ಫೈಬರ್ ಎಳೆ ಸುತ್ತಿ ಎಪಾಕ್ಸಿಯಲ್ಲಿ ಖಾಯಂ ಮಾಡಬೇಕು ಅನ್ನುತ್ತಾರೆ. ಮಳೆ ಹಿಡಿಯುವ ಮೊದಲು ತೀರ್ಮಾನ ಆಗಲೇಬೇಕು. ಜೂನಿನ ತೇವದಲ್ಲಿ ಎಪಾಕ್ಸಿ ಒಣಗುವಾಗ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ, ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ.

ಈ ನಡುವೆ ಸುದ್ದಿ ಕೇಳಿ ಕಡಲ ಕಡೆಯಿಂದ ಹುಡುಗರು ಬರತೊಡಗಿದ್ದಾರೆ. ಹಲಗೆಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಆಚಾರ್ರು ಮನಸ್ಸಿನಲ್ಲೇ ಎಪಾಕ್ಸಿ, ಪ್ಲೈ, ತನ್ನ ಬೆನ್ನುನೋವು ಎಲ್ಲ ಕೂಡಿಸಿ, “ಹಲಗೆ ಇಲ್ಲ. ಫಿನ್ ಬೇಕಾದರೆ ಮಾಡಿ ಕೊಡ್ತೇನೆ,” ಅನ್ನುತ್ತಾರೆ. ಎಕ್‌ಸ್ಟ್ರಾಮ್ ಅವರ ತಲೆಗೆ ಹೊಕ್ಕಿದ್ದಾನೆ ಎಂದು ನನಗೆ ಗೊತ್ತಾದದ್ದು ಆಗಲೇ. ಬಂದವರ ಹತ್ತಿರ ಮೊದಲ ಪ್ರಶ್ನೆ, ಹಲಗೆಯ ಮೇಲೆ ಯಾವ ಕಾಲು ಮುಂದೆ? ಉತ್ತರವನ್ನು ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದುಕೊಳ್ಳುತ್ತಾರೆ.

ನಿನ್ನೆ ನನ್ನನ್ನೂ ಕೇಳಿದರು. “ಮಾಷ್ಟ್ರೆ, ನಿಮ್ಮದು ಯಾವ ಕಾಲು ಮುಂದೆ?”

“ನನ್ನದು ಯಾವುದೂ ಮುಂದೆ ಹೋಗುವುದಿಲ್ಲ ಆಚಾರ್ರೆ. ನಿಂತರೆ ಮಂಡಿನೋವು.”

“ನಿಲ್ಲುವುದು ಯಾಕೆ? ಈ ಮೀನು ಮಂಡಿಯೂರುವವರಿಗೆ ಅಂತಲೇ ಮಾಡಿದ್ದು ಅಂತ ನೀವೇ ಹೇಳಿದ್ದಲ್ವಾ?” ಅಂದವರು ಗೋಡೆಯ ಕಡೆ ತಿರುಗಿ ನನ್ನ ಹೆಸರನ್ನೂ ಬರೆದುಬಿಟ್ಟರು.